ಮಂಗಳದ ಮನೆಗೆ ಅಂಟು ಎಲ್ಲಿಂದ?

2019ರ ಮೇ ತಿಂಗಳಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಪಿಯೋರಿಯಾದಲ್ಲಿ ರೋಬೋಟ್ ತೋಳೊಂದು 30 ಗಂಟೆಗಳ ಮುದ್ರಣದಲ್ಲಿ ಪದರದ ಮೇಲೆ ಪದರ ಸುತ್ತುತ್ತಾ ಒಂದು ಮನೆಯನ್ನು ಎಬ್ಬಿಸಿ ನಿಲ್ಲಿಸಿತು. ಮಂಗಳ ಗ್ರಹಕ್ಕೆಂದು ರೂಪಿಸಿದ 'ಮಾರ್ಷಾ' ಎಂಬ ಮನೆಯ ಮೂರನೇ ಒಂದರಷ್ಟು ಅಳತೆಯ ಮಾದರಿ ಅದು. ನಾಸಾ ಏರ್ಪಡಿಸಿದ್ದ ಸ್ಪರ್ಧೆಯಲ್ಲಿ ಎಐ ಸ್ಪೇಸ್‌ಫ್ಯಾಕ್ಟರಿ ತಂಡಕ್ಕೆ 5 ಲಕ್ಷ ಡಾಲರ್‌ಗಳ ಮೊದಲ ಬಹುಮಾನ ತಂದುಕೊಟ್ಟಿತು.

ಅದರ ಆಕಾರವನ್ನು ನಾನು ಮನಸಾರೆ ಮೆಚ್ಚುತ್ತೇನೆ. ನಮ್ಮಲ್ಲಿ ಗೋಡೆ ಕಟ್ಟುವವರಿಗೆ ಮೇಲಿನ ಭಾರದ್ದೇ ಚಿಂತೆ. ಮಂಗಳದಲ್ಲಿ ಹೊರಗಿನ ಗಾಳಿಯ ಒತ್ತಡ ಭೂಮಿಯದರ ಶೇ 1ರಷ್ಟೂ ಇಲ್ಲ. ಒಳಗೆ ಭೂಮಿಯಲ್ಲಿರುವಷ್ಟೇ ಒತ್ತಡದಲ್ಲಿ ಗಾಳಿ ತುಂಬಿದರೆ, ಅದು ಗೋಡೆಯ ಪ್ರತಿ ಚದರ ಮೀಟರನ್ನೂ ಸುಮಾರು 10 ಟನ್ ತೂಕದಷ್ಟು ಬಲದಿಂದ ಹೊರಕ್ಕೆ ನೂಕುತ್ತದೆ. ಅಲ್ಲಿನ ಮನೆಗೆ ಕುಸಿಯುವುದಕ್ಕಿಂತ ಸಿಡಿಯುವ ಭಯ ಹೆಚ್ಚು. ಮೊಟ್ಟೆಯಂತೆ ನೆಟ್ಟಗೆ ನಿಂತ ಮಾರ್ಷಾ ಈ ಒತ್ತಡವನ್ನು ಮೂಲೆಗಳಿಲ್ಲದ ಮೈಯೆಲ್ಲ ಹಂಚಿಕೊಳ್ಳುತ್ತದೆ. ಅದರ ಒಳ-ಹೊರ ಎರಡು ಚಿಪ್ಪುಗಳ ನಡುವೆ ಬಿಟ್ಟ ಜಾಗದಿಂದಾಗಿ, ಬಿಸಿಲು-ಚಳಿಗೆ ಹೊರಚಿಪ್ಪು ಹಿಗ್ಗಿ ಕುಗ್ಗಿದರೂ ಒಳಗಿನ ವಾಸಕ್ಕೆ ಅದರ ಬಾಧೆ ಇಲ್ಲ.

ನನ್ನ ತಕರಾರು ಇರುವುದು ಈ ಮನೆಯನ್ನು ಮಂಗಳದ 'ಸ್ಥಳೀಯ ಸಾಮಗ್ರಿ'ಯಿಂದಲೇ ಕಟ್ಟಬಹುದು ಎಂಬ ಮಾತಿನ ಬಗ್ಗೆ. ಮಾರ್ಷಾದ ಗೋಡೆಗೆ ಬಳಸಿದ್ದು ಬಸಾಲ್ಟ್ ಶಿಲೆಯ ನಾರು ಮತ್ತು ಪಿಎಲ್‌ಎ ಎಂಬ ಸಸ್ಯಮೂಲದ ಪ್ಲಾಸ್ಟಿಕ್. ಬಸಾಲ್ಟ್ ಮಂಗಳದಲ್ಲಿ ಧಾರಾಳವಾಗಿದೆ, ಅದರ ನಾರು ಎಳೆತವನ್ನೂ ತಾಳಬಲ್ಲದು. ಆದರೆ ನಾರನ್ನು ಹಿಡಿದಿಡುವ ಪ್ಲಾಸ್ಟಿಕ್? ಮಂಗಳದಲ್ಲೇ ಬೆಳೆದ ಬೆಳೆಯಿಂದ ತಯಾರಿಸಬಹುದು ಎಂಬುದು ತಂಡದ ಉತ್ತರ. ಅಲ್ಲಿ ಇನ್ನೂ ಒಂದು ಹುಲ್ಲುಕಡ್ಡಿಯೂ ಚಿಗುರಿಲ್ಲ. ಹೊಲ, ನೀರು, ಕಾರ್ಖಾನೆ ಎಲ್ಲ ಆದಮೇಲೆ ಮನೆ ಎಂದಾದರೆ, ಮೊದಲು ಹೋದವರು ಎಲ್ಲಿ ಮಲಗಬೇಕು?

ಮಣ್ಣು ಮಂಗಳದಲ್ಲೂ ಚಂದ್ರನಲ್ಲೂ ಸಿಕ್ಕೀತು, ಅಂಟು ಸಿಗುವುದು ಕಷ್ಟ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಇಸ್ರೊ ವಿಜ್ಞಾನಿಗಳು ಕೈ ಹಾಕಿದ್ದು ಇದೇ ಗಂಟಿಗೆ. 2020ರಲ್ಲಿ ಅವರು ಚಂದ್ರನ ಮಣ್ಣಿನ ಪ್ರತಿರೂಪಕ್ಕೆ ಯೂರಿಯಾ, ಬ್ಯಾಕ್ಟೀರಿಯಾ ಮತ್ತು ಗೋರಿಕಾಯಿ ಬೀಜದ ಗೋಂದು ಬೆರೆಸಿ ಇಟ್ಟಿಗೆ ಮಾಡಿ ತೋರಿಸಿದರು. ಬ್ಯಾಕ್ಟೀರಿಯಾ ಹುಟ್ಟಿಸುವ ಸುಣ್ಣದ ಹರಳುಗಳೇ ಕಣಗಳನ್ನು ಬೆಸೆಯುತ್ತವೆ, ಯೂರಿಯಾವನ್ನು ಮನುಷ್ಯರ ಮೂತ್ರದಿಂದಲೇ ಪಡೆಯಬಹುದು. ಮುಂದೆ ಮಂಗಳದ ಮಣ್ಣಿನ ಪ್ರತಿರೂಪದಿಂದಲೂ ಇಟ್ಟಿಗೆ ಮಾಡಲು ಹೊರಟು, ಅದರಲ್ಲಿರುವ ಕಬ್ಬಿಣ ಬ್ಯಾಕ್ಟೀರಿಯಾಕ್ಕೆ ವಿಷವಾದಾಗ ನಿಕಲ್ ಕ್ಲೋರೈಡ್ ಸೇರಿಸಿ ಆ ತೊಡಕನ್ನೂ ದಾಟಿದರು.

ಈ ಇಟ್ಟಿಗೆಗೂ ಮಿತಿಯಿದೆ. ಒತ್ತಿದರೆ ತಡೆಯುತ್ತದೆ, ಎಳೆದರೆ ಬಿರಿಯುತ್ತದೆ. ಗಾಳಿ ತುಂಬಿದ ಕೋಣೆಯನ್ನು ಇದೊಂದರಿಂದಲೇ ಕಟ್ಟಲಾಗದು. ವಿಕಿರಣ ತಡೆಯುವ ಹೊರಗೋಡೆಗೆ, ನೌಕೆ ಇಳಿಯುವ ಕಟ್ಟೆಗೆ ಅದು ಹೆಚ್ಚು ಒಗ್ಗೀತು. ಗೋಂದು, ನಿಕಲ್ ಲವಣಗಳೂ ಸದ್ಯಕ್ಕೆ ಭೂಮಿಯಿಂದಲೇ ಹೋಗಬೇಕು. ಆದರೂ ಅಂಟಿನ ಪ್ರಶ್ನೆಯನ್ನು ನೇರವಾಗಿ ಎದುರಿಸಿದ್ದರಿಂದ ಈ ಕೆಲಸ ನನಗೆ ಹೆಚ್ಚು ತೂಕದ್ದಾಗಿ ಕಾಣುತ್ತದೆ.

ವಾಸ್ತುಶಿಲ್ಪವಾಗಿ ಮಾರ್ಷಾ ಗೆದ್ದಿದೆ. ಅಲ್ಲಿಯ ನೆಲದಿಂದಲೇ ಮನೆ ಎಬ್ಬಿಸಬಹುದು ಎಂಬುದಕ್ಕೆ ಅದಿನ್ನೂ ಪುರಾವೆಯಲ್ಲ. ಇಂಥ ಸ್ಪರ್ಧೆಗಳನ್ನು ನಡೆಸುವವರು ಮುಂದಿನ ಸಲ ಗೋಡೆಯ ಬಲದ ಜೊತೆಗೆ, ಆ ಗೋಡೆಗಾಗಿ ಭೂಮಿಯಿಂದ ಎಷ್ಟು ಕಿಲೋ ಹೊತ್ತೊಯ್ಯಬೇಕು ಎಂಬುದನ್ನೂ ತೂಗಿ ಅಂಕ ಕೊಡಲಿ.