ಟೈಮ್ ಕ್ರೈಸಿಸ್: ಪೆಡಲ್ ಮತ್ತು ಗಡಿಯಾರ

ಜಪಾನಿನ ನಾಮ್ಕೊ ಕಂಪನಿ 1990ರ ದಶಕದ ನಡುವೆ ಆರ್ಕೇಡ್‌ಗಳಿಗೆಂದು ತಯಾರಿಸಿದ ‘ಟೈಮ್ ಕ್ರೈಸಿಸ್’ ಬಂದೂಕಿನ ಆಟ. ಆದರೂ ಅದನ್ನು ತನ್ನ ಜಾತಿಯ ಉಳಿದ ಆಟಗಳಿಂದ ಬೇರೆ ಮಾಡಿದ್ದು ಕಾಲಡಿಯ ಪೆಡಲ್. ಪೆಡಲ್ ಒತ್ತಿದರೆ ಆಟಗಾರ ಮರೆಯಿಂದ ಹೊರಬಂದು ಗುಂಡು ಹಾರಿಸಬಹುದು. ಕಾಲು ತೆಗೆದರೆ ಗೋಡೆಯೋ ಕಂಬವೋ ಪೆಟ್ಟಿಗೆಯೋ, ಹತ್ತಿರ ಏನಿದೆಯೋ ಅದರ ಹಿಂದಕ್ಕೆ ಸರಿಯುತ್ತಾನೆ. ಸರಿದ ಕೂಡಲೇ ಪಿಸ್ತೂಲಿಗೆ ಆರೂ ಗುಂಡು ತುಂಬಿಕೊಳ್ಳುತ್ತವೆ. ಇದೆಲ್ಲ ನಡೆಯುತ್ತಿರುವಾಗ ಒಂದು ಗಡಿಯಾರ ಶೂನ್ಯದತ್ತ ಇಳಿಯುತ್ತಿರುತ್ತದೆ. ಎದುರಿಗಿದ್ದವರನ್ನು ಮುಗಿಸಿ ಮುಂದಿನ ಜಾಗಕ್ಕೆ ಹೋದಾಗ ಅದಕ್ಕೆ ಒಂದಷ್ಟು ಸಮಯ ಸೇರುತ್ತದೆ. ಶೂನ್ಯ ಮುಟ್ಟಿತೆಂದರೆ ಆಟ ಅಲ್ಲಿಗೇ ಮುಗಿಯಿತು. ಎಷ್ಟು ಜೀವ ಉಳಿದಿದ್ದರೂ ಲೆಕ್ಕಕ್ಕಿಲ್ಲ.

ಟಾಯ್ಟೊದ ‘ಆಪರೇಷನ್ ವುಲ್ಫ್’ 1987ರಲ್ಲಿ ಹಾಕಿಕೊಟ್ಟ ದಾರಿ, ಸೆಗಾದ ‘ವರ್ಚುವಾ ಕಾಪ್’ 1994ರಲ್ಲಿ ಅದಕ್ಕೆ ತಂದ ಮೂರು ಆಯಾಮ, ಆಮೇಲೆ ಬಂದ ‘ದಿ ಹೌಸ್ ಆಫ್ ದಿ ಡೆಡ್’ನ ಜನಪ್ರಿಯತೆ ಇವೆಲ್ಲ ತಿಳಿದ ಸಂಗತಿಗಳೇ. ಚರ್ಚೆ ಬೇಕಿರುವುದು ಟೈಮ್ ಕ್ರೈಸಿಸ್ ಸರಣಿಗೆ ಸಿಕ್ಕಿರುವ ಕೀರ್ತಿಯ ಬಗ್ಗೆ. ಆ ಕೀರ್ತಿ ಎರಡು ಮಾತುಗಳ ಮೇಲೆ ನಿಂತಿದೆ. ಮರೆಯಲ್ಲಿ ನಿಂತು ಗುಂಡು ಹಾರಿಸುವ ಇಂದಿನ ಆಟಗಳಿಗೆಲ್ಲ ಇದೇ ಮೂಲ ಎಂಬುದು ಒಂದು. ಇಬ್ಬರು ಜತೆಯಾಗಿ ಆಡಬಹುದಾದ ಎರಡನೇ ಆಟದಲ್ಲೇ ಸರಣಿ ಪಕ್ವವಾಯಿತು, ಮೊದಲನೆಯದು ಬರೀ ಕರಡು ಎಂಬುದು ಇನ್ನೊಂದು. ಎರಡೂ ತಪ್ಪು. ಸರಣಿಯ ನಿಜವಾದ ಸಾಧನೆ ಮೊದಲ ಆಟವೇ. ಈ ಎರಡು ಮಾತುಗಳು ಸೇರಿ ಅದನ್ನು ಮುಚ್ಚಿಹಾಕಿವೆ.

ಮೊದಲ ಆಟದ ಕಥೆಯ ಮೇಲೆ ಹೆಚ್ಚು ಹೊತ್ತು ನಿಲ್ಲಬೇಕಿಲ್ಲ. ವಿಎಸ್‌ಎಸ್‌ಇ ಎಂಬ ಗುಪ್ತ ಸಂಸ್ಥೆಯ ರಿಚರ್ಡ್ ಮಿಲ್ಲರ್ ಒಂಟಿಯಾಗಿ ಒಂದು ಕೋಟೆಗೆ ನುಗ್ಗಿ, ಶೆರುಡೊ ಗಾರೊ ಸೆರೆಹಿಡಿದಿರುವ ಅಧ್ಯಕ್ಷರ ಮಗಳು ರೇಚೆಲ್‌ಳನ್ನು ಬಿಡಿಸಬೇಕು. ಗಾರೊನ ಬಾಡಿಗೆ ಬಂಟ ವೈಲ್ಡ್ ಡಾಗ್ ಕೊನೆಯಲ್ಲಿ ತನ್ನನ್ನೇ ಸ್ಫೋಟಿಸಿಕೊಳ್ಳುತ್ತಾನೆ, ಆದರೂ ಮುಂದಿನ ಆಟದಲ್ಲಿ ಕೈಯಿದ್ದ ಜಾಗಕ್ಕೆ ಬಂದೂಕು ಜೋಡಿಸಿಕೊಂಡು ಹಾಜರಾಗುತ್ತಾನೆ. ಪಾತ್ರಗಳ ಮಾತು ಪೆಡಸು, ಹೆಣ್ಣು ಬಿಡಿಸಿಕೊಳ್ಳಬೇಕಾದ ವಸ್ತುವಿಗಿಂತ ಹೆಚ್ಚೇನೂ ಅಲ್ಲ. ಕೈಪಳಗಿದವರಿಗೆ ಆಟ ಬೇಗ ಮುಗಿದುಹೋಗುತ್ತದೆ. ಈ ದೋಷಗಳು ನಿಜ, ಆದರೆ ಆಟದ ಬೆಲೆ ನಿರ್ಧಾರವಾಗುವುದು ಇವುಗಳಿಂದಲ್ಲ.

ಅದು ನಿರ್ಧಾರವಾಗುವುದು ಪೆಡಲಿನ ಒಂದು ಒತ್ತು ಮತ್ತು ಒಂದು ಬಿಡುವಿನ ನಡುವೆ. ಹಾಗಾಗಿ ಅಂಥ ಒಂದು ಕ್ಷಣವನ್ನು ನಿಧಾನವಾಗಿ ಬಿಡಿಸಿ ನೋಡಬೇಕು. ಆಟಗಾರ ಯಂತ್ರದ ಮುಂದೆ ನಿಂತಿದ್ದಾನೆ, ಕೂತಿಲ್ಲ. ಒಂದು ಪಾದ ಪೆಡಲಿನ ಮೇಲಿದೆ, ಮೈಭಾರ ಇನ್ನೊಂದು ಕಾಲಿನ ಮೇಲಿದೆ. ಪರದೆಯಲ್ಲಿ ಪೆಟ್ಟಿಗೆಯ ಬೆನ್ನು ಮಾತ್ರ ಕಾಣುತ್ತಿದೆ, ಗಡಿಯಾರ ಇಳಿಯುತ್ತಿದೆ. ಪಾದ ಒತ್ತಿದೊಡನೆ ನೋಟ ಮೇಲೇಳುತ್ತದೆ, ಎದುರಿಗೆ ಸೈನಿಕರು. ಹೆಚ್ಚಿನವರು ನೀಲಿ ಸಮವಸ್ತ್ರದವರು. ಅವರು ಗುಂಡು ಹಾರಿಸುತ್ತಲೇ ಇರುತ್ತಾರೆ, ತಗಲುವುದು ಅಪರೂಪ. ಅವರ ನಡುವೆ ಒಬ್ಬ ಕೆಂಪು ಸಮವಸ್ತ್ರದವನಿದ್ದರೆ ಲೆಕ್ಕವೇ ಬದಲಾಗುತ್ತದೆ, ಏಕೆಂದರೆ ಅವನ ಗುರಿ ತಪ್ಪುವುದು ವಿರಳ. ಒಬ್ಬೊಬ್ಬರಿಗೆ ಒಂದೊಂದು ಗುಂಡು ಸಾಕು. ಪ್ರತಿ ಗುಂಡಿಗೂ ಪಿಸ್ತೂಲಿನ ಮೇಲ್ಭಾಗ ಹಿಂದಕ್ಕೆ ಬಡಿದು ಮಣಿಕಟ್ಟು ಅದುರುತ್ತದೆ, ಮುಂದಿನ ಗುರಿಗೆ ಕೈಯನ್ನು ಮತ್ತೆ ಹದಕ್ಕೆ ತರಬೇಕು. ನಾಲ್ಕು ಗುಂಡು ಹೋದವು, ಇಬ್ಬರು ಉಳಿದಿದ್ದಾರೆ, ಅವರಲ್ಲೊಬ್ಬ ಕೆಂಪಿನವನು ಬಂದೂಕು ಎತ್ತುತ್ತಿದ್ದಾನೆ. ಇನ್ನೊಂದು ಗುಂಡು ಹಾರಿಸಬೇಕೆ, ಕಾಲು ಎತ್ತಬೇಕೆ?

ಈ ಪ್ರಶ್ನೆಯಲ್ಲಿ ಮೂರು ಲೆಕ್ಕಗಳು ಹೆಣೆದುಕೊಂಡಿವೆ. ಕಾಲೆತ್ತಿದರೆ ಜೀವ ಉಳಿಯುತ್ತದೆ, ಗುಂಡು ತುಂಬುತ್ತದೆ, ಸಮಯ ಸೋರುತ್ತದೆ. ಎತ್ತದಿದ್ದರೆ ಸಮಯ ಉಳಿಯುತ್ತದೆ, ಗುಂಡು ತೀರುತ್ತದೆ, ಜೀವ ಹೋಗಬಹುದು. ಮೂರನ್ನೂ ಒಟ್ಟಿಗೆ ಉಳಿಸಿಕೊಳ್ಳುವ ದಾರಿಯನ್ನು ಆಟ ಎಲ್ಲೂ ಬಿಟ್ಟಿಲ್ಲ. ಮೂರಕ್ಕೂ ಇರುವುದು ಒಂದೇ ಪಾದದ ಒಂದೇ ಚಲನೆ, ಮತ್ತು ವಿನ್ಯಾಸದ ಬಿಗಿ ಇರುವುದೇ ಅಲ್ಲಿ. ಹೌಸ್ ಆಫ್ ದಿ ಡೆಡ್‌ನಲ್ಲಿ ಗುಂಡು ತುಂಬಲು ಬಂದೂಕನ್ನು ಪರದೆಯ ಹೊರಗೆ ತಿರುಗಿಸಿ ಟ್ರಿಗರ್ ಒತ್ತಬೇಕು. ಅದು ಕೈಚಳಕ, ಅದರಲ್ಲಿ ತೀರ್ಮಾನವೇನೂ ಇಲ್ಲ; ಬೇಗ ಮಾಡಿದಷ್ಟೂ ಒಳ್ಳೆಯದು ಎಂಬುದನ್ನು ಬಿಟ್ಟರೆ ಯೋಚಿಸಲು ಏನೂ ಉಳಿಯುವುದಿಲ್ಲ. ವರ್ಚುವಾ ಕಾಪ್‌ನಲ್ಲಿ ಶತ್ರುವಿನ ಸುತ್ತ ಮೂಡುವ ವೃತ್ತ ಬಣ್ಣ ಬದಲಿಸುತ್ತ, ಅವನು ಯಾವಾಗ ಗುಂಡು ಹಾರಿಸುತ್ತಾನೆಂದು ಮೊದಲೇ ತಿಳಿಸುತ್ತದೆ. ಆದರೆ ತಿಳಿದ ಮೇಲೆ ಮಾಡಬಹುದಾದದ್ದು ಒಂದೇ, ಅವನಿಗಿಂತ ಮೊದಲು ಗುಂಡು ಹಾರಿಸುವುದು. ಅಪಾಯವನ್ನು ಕಂಡು ಅದರಿಂದ ಸರಿಯಲೂ ಸರಿಯದಿರಲೂ ಸಾಧ್ಯ ಎಂಬ ಸ್ಥಿತಿಯನ್ನು ಟೈಮ್ ಕ್ರೈಸಿಸ್ ತಂದಿತು, ಎರಡಕ್ಕೂ ಬೆಲೆ ಕಟ್ಟಿತು.

ಪೆಡಲಿನ ದಿಕ್ಕು ಕೂಡ ಗಮನಿಸಬೇಕಾದ್ದು. ಒತ್ತಿದರೆ ಅಡಗುವುದು, ಬಿಟ್ಟರೆ ಹೊರಬರುವುದು ಎಂದು ಉಲ್ಟಾ ಮಾಡಬಹುದಿತ್ತು. ಹಾಗೆ ಮಾಡಿದ್ದರೆ ಅಪಾಯವೇ ಸಹಜ ಸ್ಥಿತಿಯಾಗಿ, ಅಡಗುವುದು ಒಂದು ಕ್ರಿಯೆಯಾಗುತ್ತಿತ್ತು. ನಾಮ್ಕೊದವರು ಸುರಕ್ಷತೆಯನ್ನು ಸಹಜ ಸ್ಥಿತಿಯಾಗಿಟ್ಟು, ಹೊರಬರುವುದಕ್ಕೆ ಶ್ರಮ ಬೇಡಿದರು. ಏನೂ ಮಾಡದ ಆಟಗಾರನಿಗೆ ಒಂದೇ ಒಂದು ಗುಂಡೂ ತಗಲುವುದಿಲ್ಲ, ಆದರೂ ಅವನು ಖಂಡಿತ ಸೋಲುತ್ತಾನೆ, ಏಕೆಂದರೆ ಗಡಿಯಾರ ಅವನನ್ನು ಮುಗಿಸುತ್ತದೆ. ತಗಲುವ ಪ್ರತಿ ಗುಂಡೂ ಆಟಗಾರ ತಾನಾಗಿ ಕಾಲೊತ್ತಿ ತಂದುಕೊಂಡದ್ದೇ. ಆದ್ದರಿಂದಲೇ ಈ ಆಟದ ತಪ್ಪುಗಳಲ್ಲಿ ಬಹುಪಾಲು ಆಸೆಯ ತಪ್ಪುಗಳು. ಇನ್ನೊಬ್ಬನನ್ನು ಹೊಡೆದುಬಿಡೋಣ ಎಂದು ಪಾದ ಅರೆಕ್ಷಣ ಹೆಚ್ಚು ನಿಂತಿತು, ಅಷ್ಟರಲ್ಲಿ ಕೆಂಪಿನವನ ಗುಂಡು ಬಂತು. ಪರಿಣತನಿಗೂ ಹೊಸಬನಿಗೂ ವ್ಯತ್ಯಾಸ ಕಾಣುವುದು ಗುರಿಯಲ್ಲಿ ಸ್ವಲ್ಪ, ಪಾದದಲ್ಲಿ ಬಹಳ.

ಗಡಿಯಾರವಿರುವುದು ನಾಣ್ಯ ನುಂಗಲಿಕ್ಕೆ ಎಂಬ ಆಕ್ಷೇಪ ಹಳೆಯದು. ಅಡಗಲು ಬಿಟ್ಟರೆ ಅಂಜುಬುರುಕ ಆಟಗಾರ ಒಂದೇ ನಾಣ್ಯಕ್ಕೆ ಯಂತ್ರವನ್ನು ಹಿಡಿದಿಟ್ಟುಕೊಳ್ಳಬಹುದು, ಆರ್ಕೇಡ್ ನಡೆಸುವವನಿಗೆ ಅದು ನಷ್ಟ. ಅದಕ್ಕೆಂದೇ ಗಡಿಯಾರ ಎಂಬ ವಾದವಿದು. ಅದರಲ್ಲಿ ಸತ್ಯಾಂಶವಿದೆ. ಆದರೆ ಅಷ್ಟೇ ಆಗಿದ್ದರೆ 1997ರಲ್ಲಿ ಪ್ಲೇಸ್ಟೇಷನ್‌ಗೆ ಬಂದ ಆವೃತ್ತಿಯಲ್ಲಿ ಗಡಿಯಾರ ಉಳಿಯಬೇಕಾಗಿರಲಿಲ್ಲ, ಮನೆಯಲ್ಲಿ ನಾಣ್ಯದ ಪ್ರಶ್ನೆಯೇ ಇಲ್ಲವಲ್ಲ. ಅಲ್ಲಿ ಅದು ಉಳಿದದ್ದು ಮಾತ್ರವಲ್ಲ, ಇನ್ನಷ್ಟು ಅಧಿಕಾರ ಪಡೆಯಿತು. ಆ ಆವೃತ್ತಿಗೆಂದೇ ಸೇರಿಸಿದ ವಿಶೇಷ ಕಾರ್ಯಾಚರಣೆಯಲ್ಲಿ ಒಂದು ಭಾಗವನ್ನು ಎಷ್ಟು ಬೇಗ ಮುಗಿಸಿದರು ಎಂಬುದರ ಮೇಲೆ ಮುಂದಿನ ದಾರಿ ಕವಲೊಡೆಯುತ್ತದೆ. ಚುರುಕಾಗಿ ಆಡಿದವನು ಕಾಣುವ ಕೋಣೆಗಳೇ ಬೇರೆ, ನಿಧಾನಿಸಿದವನು ಕಾಣುವ ಕೋಣೆಗಳೇ ಬೇರೆ.

ಹಾಗಾದರೆ ಈ ಆಟದ ಕುಲ ಯಾವುದು? ಪೆಡಲ್, ಇಳಿಯುವ ಗಡಿಯಾರ, ಒಂದೊಂದು ಘಟ್ಟ ದಾಟಿದಾಗ ಸೇರುವ ಸಮಯ, ಪ್ರತಿ ಭಾಗದ ಕೊನೆಗೆ ತೆಗೆದುಕೊಂಡ ಕಾಲದ ಲೆಕ್ಕ: ಇವೆಲ್ಲ ಬಂದೂಕಿನ ಆಟಗಳ ಲಕ್ಷಣಗಳಲ್ಲ, ಕಾರ್ ರೇಸಿಂಗ್ ಆಟಗಳವು. ನಾಮ್ಕೊ 1982ರಲ್ಲಿ ‘ಪೋಲ್ ಪೊಸಿಷನ್’ ತಂದ ಕಂಪನಿ, 1993ರಲ್ಲಿ ‘ರಿಡ್ಜ್ ರೇಸರ್’ ತಂದ ಕಂಪನಿ. ಕಾಲಿನಿಂದ ಆಡಿಸುವುದು ಹೇಗೆಂದು ಅದಕ್ಕೆ ಗೊತ್ತಿತ್ತು. ರೇಸಿಂಗ್‌ನಲ್ಲಿ ತಿರುವು ಬಂದಾಗ ಪೆಡಲಿನಿಂದ ಕಾಲು ತೆಗೆಯಲೇಬೇಕು, ತೆಗೆದಷ್ಟೂ ಹೊತ್ತು ಸಮಯ ನಷ್ಟ. ಎಲ್ಲಿ, ಎಷ್ಟು ಕಡಿಮೆ ತೆಗೆಯಬಹುದೆಂದು ತಿಳಿಯುವುದೇ ಚಾಲಕನ ವಿದ್ಯೆ. ಟೈಮ್ ಕ್ರೈಸಿಸ್‌ನಲ್ಲಿ ಕೆಂಪು ಸಮವಸ್ತ್ರದವನು ಅಂಥ ತಿರುವು. ಪಳಗಿದ ಆಟಗಾರ ಕೋಣೆ ಕೋಣೆಯನ್ನೂ ಟ್ರ್ಯಾಕಿನಂತೆ ಕಂಠಪಾಠ ಮಾಡಿರುತ್ತಾನೆ. ಎಲ್ಲಿ ಒತ್ತಿಹಿಡಿಯಬೇಕು, ಎಲ್ಲಿ ಕ್ಷಣ ಮಾತ್ರ ಬಿಡಬೇಕು ಎಂಬುದು ಅವನ ಕಾಲಿಗೆ ಗೊತ್ತಿರುತ್ತದೆ. ಬಂದೂಕಿನ ಆಟಗಳ ನಡುವೆಯೇ ಇಟ್ಟು ಹೋಲಿಸುವ ವಿಮರ್ಶೆಗೆ ಇದು ಕಾಣದೇ ಹೋದದ್ದು ಆಶ್ಚರ್ಯವಲ್ಲ.

ಮರೆಯ ಆಟಗಳ ಮೂಲ ಇದೆಂದು ಹೇಳುವವರ ವಾದಕ್ಕೆ ಈಗ ಬರಬಹುದು. ಅವರ ವಂಶಾವಳಿ ಸರಳ: ಟೈಮ್ ಕ್ರೈಸಿಸ್, ಅಲ್ಲಿಂದ ನಾಮ್ಕೊ 2003ರಲ್ಲಿ ತಂದ ‘ಕಿಲ್ ಸ್ವಿಚ್’, ಅಲ್ಲಿಂದ 2006ರ ‘ಗೇರ್ಸ್ ಆಫ್ ವಾರ್’. ಕೊನೆಯ ಎರಡರ ನಡುವಿನ ನಂಟನ್ನು ಗೇರ್ಸ್ ರೂಪಿಸಿದವರೇ ಒಪ್ಪಿದ್ದಾರೆ. ಮೊದಲ ಕೊಂಡಿ ಮಾತ್ರ ಊಹೆ. ಒಂದೇ ಕಂಪನಿಯ ಹೆಸರಿದೆ ಎಂಬುದನ್ನು ಬಿಟ್ಟರೆ ಅದಕ್ಕೆ ಆಧಾರ ತೆಳು. ಗೋಡೆಯ ಹಿಂದೆ ಅಡಗಿ ಗುಂಡು ಹಾರಿಸುವುದೇ ಅಳತೆಗೋಲಾದರೆ ಟ್ಯಾಡ್ ಕಾರ್ಪೊರೇಷನ್ನಿನ ‘ಕಬಾಲ್’ 1988ರಲ್ಲೇ ಇತ್ತು. ಅದರಲ್ಲಿ ಆಟಗಾರನ ಮುಂದಿನ ಗೋಡೆ ಗುಂಡಿಗೆ ಉದುರಿಹೋಗುತ್ತಿತ್ತು ಕೂಡ. ಆದರೆ ಯಾರು ಮೊದಲು ಎಂಬ ಜಗಳಕ್ಕಿಂತ ದೊಡ್ಡ ತಪ್ಪು ಬೇರೆ ಇದೆ. ಗೇರ್ಸ್‌ನಂಥ ಆಟಗಳಲ್ಲಿ ಮರೆ ಎಂದರೆ ಜಾಗ. ಯಾವ ಗೋಡೆಗೆ ಹೋಗಬೇಕು, ಯಾವ ಬದಿಯಿಂದ ಸುತ್ತುವರಿಯಬೇಕು ಎಂಬುದು ಅಲ್ಲಿನ ಯೋಚನೆ. ಗೋಡೆಯ ಹಿಂದೆ ಕೂತಷ್ಟು ಹೊತ್ತೂ ಆಟಗಾರನ ಗಾಯ ತಾನಾಗಿ ವಾಸಿಯಾಗುತ್ತದೆ, ಅಂದರೆ ಸಮಯ ಅವನ ಕಡೆಗಿದೆ. ಟೈಮ್ ಕ್ರೈಸಿಸ್‌ನಲ್ಲಿ ಯಾವ ಗೋಡೆ ಎಂದು ಆರಿಸುವ ಅವಕಾಶವೇ ಇಲ್ಲ, ಆಟವೇ ತಂದು ನಿಲ್ಲಿಸುತ್ತದೆ. ಗೋಡೆಯ ಹಿಂದಿನ ಪ್ರತಿ ಕ್ಷಣವೂ ಅವನಿಂದ ಏನನ್ನೋ ಕಿತ್ತುಕೊಳ್ಳುತ್ತಿರುತ್ತದೆ. ಒಂದರಲ್ಲಿ ಮರೆ ಚಿಕಿತ್ಸೆ, ಇನ್ನೊಂದರಲ್ಲಿ ಸಾಲ. ಇವೆರಡನ್ನೂ ಒಂದೇ ಮರದ ಕೊಂಬೆಗಳೆಂದು ಬರೆಯುವವರು ಪರದೆಯ ಮೇಲಿನ ಗೋಡೆಯನ್ನು ನೋಡಿದ್ದಾರೆಯೇ ಹೊರತು ಓಡುವ ಗಡಿಯಾರವನ್ನಲ್ಲ. ಮುತ್ತಾತನ ಪಟ್ಟ ಗೌರವದಂತೆ ಕಂಡರೂ ಅದರಿಂದ ಆಟಕ್ಕೆ ಅನ್ಯಾಯವೇ ಆಗಿದೆ: ಬೇರೆ ಯಾವುದೋ ದೊಡ್ಡದಕ್ಕೆ ಮೆಟ್ಟಿಲಾದದ್ದಕ್ಕಷ್ಟೇ ಅದಕ್ಕೆ ಬೆಲೆ ಎಂದಾಗುತ್ತದೆ.

ಎರಡನೇ ಆಟದ ಹೊಗಳಿಕೆಗೆ ಬಂದರೆ, ಎರಡು ಪರದೆಗಳಲ್ಲಿ ಇಬ್ಬರು ಬೇರೆ ಬೇರೆ ಕೋನಗಳಿಂದ ಒಂದೇ ಕದನ ಕಾಣುವ, ಒಬ್ಬರಿಗೊಬ್ಬರು ರಕ್ಷಣೆಯ ಗುಂಡು ಹಾರಿಸುವ ವ್ಯವಸ್ಥೆ ನಿಜಕ್ಕೂ ಸೊಗಸಾಗಿದೆ. ಆದರೆ ಅಲ್ಲಿ ಗಡಿಯಾರವನ್ನು ಸಡಿಲಿಸಲಾಯಿತು. ಪ್ರತಿ ಘಟ್ಟಕ್ಕೂ ಅದು 40 ಸೆಕೆಂಡಿಗೆ ಮರಳುತ್ತದೆ, ಶೂನ್ಯ ಮುಟ್ಟಿದರೆ ಹೋಗುವುದು ಒಂದು ಜೀವ ಮಾತ್ರ. ಮೊದಲ ಆಟದಲ್ಲಿ ಹಿಂದಿನ ಕೋಣೆಯ ಜಿಪುಣತನ ಮುಂದಿನ ಕೋಣೆಗೆ ಆಸ್ತಿಯಾಗುತ್ತಿತ್ತು, ಹಿಂದಿನ ಕೋಣೆಯ ಹೇಡಿತನ ಹೊರೆಯಾಗುತ್ತಿತ್ತು; ಇಡೀ ಆಟ ಒಂದೇ ಉಸಿರಿನ ಓಟವಾಗಿತ್ತು. ಇಲ್ಲಿ ಅದು ತುಂಡು ತುಂಡಾಯಿತು. ತಗಲಲಿರುವ ಗುಂಡನ್ನು ಗುರುತು ಮಾಡಿ ತೋರಿಸುವ ವ್ಯವಸ್ಥೆಯೂ ಎರಡನೇ ಆಟದ್ದೇ. ಮೊದಲನೆಯದರಲ್ಲಿ ಎಲ್ಲಿಂದ ಬಂತೆಂದು ತಿಳಿಯದೆ ಜೀವ ಹೋಗುತ್ತಿತ್ತು ಎಂಬ ದೂರಿಗೆ ಇದು ಉತ್ತರ. ದೂರು ಪೂರ್ತಿ ಸುಳ್ಳಲ್ಲ. ಆದರೂ ಸಮವಸ್ತ್ರ, ನಿಂತ ಜಾಗ, ಬಂದೂಕಿನ ದಿಕ್ಕು ನೋಡಿ ಅಪಾಯವನ್ನು ಓದುವ ಕೆಲಸ ಆಟಗಾರನದಾಗಿತ್ತು, ಈಗ ಅದನ್ನು ಯಂತ್ರವೇ ಓದಿ ಹೇಳತೊಡಗಿತು.

ಮುಂದಿನವುಗಳಲ್ಲಿ ಈ ಸಡಿಲಿಕೆ ಬೆಳೆಯುತ್ತ ಹೋಯಿತು. ಮೂರನೇ ಆಟ ಪಿಸ್ತೂಲಿನ ಜತೆಗೆ ಮೆಷಿನ್ ಗನ್, ಶಾಟ್‌ಗನ್, ಗ್ರೆನೇಡ್ ಲಾಂಚರ್ ಕೊಟ್ಟಿತು. ಆಯುಧ ಬದಲಿಸುವುದು ಮರೆಯಲ್ಲಿದ್ದು ಟ್ರಿಗರ್ ಒತ್ತುವುದರಿಂದ. ಹೀಗೆ ಮೈಯೆಲ್ಲ ಬಿಗಿಹಿಡಿದು ಕಾಯುವ ಜಾಗವಾಗಿದ್ದ ಮರೆ ಆಯುಧದ ಕಪಾಟಾಯಿತು. 2006ರ ನಾಲ್ಕನೆಯದು ಕದನವನ್ನು ಅಕ್ಕಪಕ್ಕದ ಹಲವು ನೋಟಗಳಿಗೆ ಹಂಚಿತು. 2015ರ ಐದನೆಯದು ಎರಡು ಪೆಡಲ್ ಇಟ್ಟಿತು: ಎಡದ್ದನ್ನು ಒತ್ತಿದರೆ ಎಡದ ಜಾಗ, ಬಲದ್ದನ್ನು ಒತ್ತಿದರೆ ಬಲದ ಜಾಗ. ಮರೆ ಎಂದರೆ ಜಾಗ ಎನ್ನುವವರು ಬಯಸಿದ್ದು ಕೊನೆಗೂ ಬಂತು. ಆದರೆ ಎರಡು ಕೋನಗಳಲ್ಲಿ ಸರಿಯಾದದ್ದು ಯಾವುದೆಂಬುದನ್ನು ಒಮ್ಮೆ ಕಂಡುಕೊಂಡರೆ ಅಲ್ಲಿಗೆ ಕುತೂಹಲ ಮುಗಿಯುತ್ತದೆ. ಎಷ್ಟು ಹೊತ್ತು ಹೊರಗಿರಬೇಕೆಂಬ ಮೊದಲ ಆಟದ ಪ್ರಶ್ನೆ ಹಾಗೆ ಮುಗಿಯುವಂಥದ್ದಲ್ಲ, ಪ್ರತಿ ಬಾರಿಯೂ ಅದನ್ನು ಹೊಸದಾಗಿ ಎದುರಿಸಬೇಕು.

ಮೊದಲ ಆಟ ಕಡೆಗಣಿಸಲ್ಪಟ್ಟದ್ದಕ್ಕೆ ಯಂತ್ರದ ಕಾರಣವೂ ಇದೆ. ಪ್ಲೇಸ್ಟೇಷನ್ ಆವೃತ್ತಿಯ ಜತೆ ಬಂದ ‘ಗನ್‌ಕಾನ್’ ಟಿವಿಗೆ ಹೋಗುವ ವಿಡಿಯೋ ತಂತಿಗೇ ಜೋಡಿಸಿಕೊಂಡು, ಹಳೆಯ ಪಿಕ್ಚರ್ ಟ್ಯೂಬಿನಲ್ಲಿ ಚಿತ್ರ ಗೆರೆಗೆರೆಯಾಗಿ ಮೂಡುವ ಗತಿಯಿಂದ ಗುರಿಯನ್ನು ಲೆಕ್ಕ ಹಾಕುತ್ತಿತ್ತು. ಗುರಿ ನಿಖರವಾಗಿತ್ತು, ಪೆಡಲ್ ಮಾತ್ರ ಇರಲಿಲ್ಲ. ಬಂದೂಕಿನ ನಳಿಗೆಯ ಪಕ್ಕದ ಗುಂಡಿಯೊಂದನ್ನು ಬೆರಳಿನಿಂದ ಒತ್ತಬೇಕಿತ್ತು. ಬೆರಳಿಗೆ ಮೈಭಾರವಿಲ್ಲ, ಆದ್ದರಿಂದ ಹಿಂಜರಿಕೆಯೂ ಕಡಿಮೆ. ಚಪ್ಪಟೆ ಪರದೆಗಳು ಬಂದ ಮೇಲೆ ಆ ಬಂದೂಕೂ ಕೆಲಸ ಮಾಡದಾಯಿತು, ಏಕೆಂದರೆ ಅವುಗಳಲ್ಲಿ ಚಿತ್ರ ಮೂಡುವ ಬಗೆಯೇ ಬೇರೆ. ಈಗ ಮೊದಲ ಆಟವನ್ನು ಕಂಪ್ಯೂಟರಿನಲ್ಲಿ ಮೌಸ್ ಮತ್ತು ಕೀಲಿಯಿಂದ ಆಡಿ ತೀರ್ಪು ಕೊಡುವವರು ಹೆಚ್ಚು. ಅವರ ಬರಹಗಳಲ್ಲಿ ಆಟ ಚಿಕ್ಕದು, ಕಥೆ ಬಡವು, ಚಿತ್ರ ಒರಟು ಎಂಬ ಮಾತುಗಳಿರುತ್ತವೆ, ಪೆಡಲ್ ಇರುವುದಿಲ್ಲ. ಆರ್ಕೇಡ್ ಯಂತ್ರದ ಮುಂದೆ ನಿಂತು ಆಡದೆ ಬರೆದ ವಿಮರ್ಶೆಯನ್ನು ಈ ಆಟದ ವಿಮರ್ಶೆ ಎಂದು ಒಪ್ಪಲಾಗದು.