ರಾಂಚೋ ಕೇಳದೇ ಬಿಟ್ಟ ಪ್ರಶ್ನೆ

ಸಿಇಟಿ ಆಪ್ಷನ್ ಎಂಟ್ರಿಗೆ ಅಂತ ಅಕ್ಕನ ಮಗಳು ನಮ್ಮನೆಗೆ ಬಂದಿದ್ದಳು. ರಾತ್ರಿ ಇಬ್ಬರೂ ಕೂತು ‘3 ಈಡಿಯಟ್ಸ್’ ನೋಡಿದೆವು. 2009ರ ರಾಜಕುಮಾರ್ ಹಿರಾನಿ ಸಿನಿಮಾ. ಹಾಸ್ಟೆಲ್ಲಿನಲ್ಲಿ ಐದಾರು ಸಲ ನೋಡಿ ಕಣ್ಣೊರೆಸಿಕೊಂಡವನು ನಾನು. ಈ ಸಲ ಮಾತ್ರ ಒಂದು ಕೊರತೆ ಎದ್ದು ಕಂಡಿತು.

ಸಿನಿಮಾ ಕೇಳೋದು ಒಂದೇ ಪ್ರಶ್ನೆ: ನಿನಗೆ ಯಾವ ವಿಷಯ ಇಷ್ಟ? ಫರ್ಹಾನ್ ಎಂಜಿನಿಯರಿಂಗ್ ಬಿಟ್ಟು ಕ್ಯಾಮೆರಾ ಹಿಡಿಯುತ್ತಾನೆ, ಸರಿ. ಆದರೆ ವಿಷಯ ಇಷ್ಟವಿದ್ದೂ ಕಾಲೇಜು ಹೊಂದದಿದ್ದರೆ? ಜಾಯ್ ಲೋಬೋ ಅಂಥವನು. ಹಾರುವ ಯಂತ್ರ ಕಟ್ಟುವ ಕೈ ಅವನಿಗಿತ್ತು. ಅವನಿಗಾಗಿ ಸ್ವಲ್ಪ ಕಾಯುವ ಮೇಷ್ಟ್ರು ಇರಲಿಲ್ಲ. ಅವನು ಸತ್ತಾಗ ಸಿನಿಮಾ ಇಡೀ ವ್ಯವಸ್ಥೆಯನ್ನೇ ಬೈಯುತ್ತದೆ. ಇವನು ಬೇರೆ ಕಾಲೇಜಲ್ಲಿ ಇದ್ದಿದ್ದರೆ ಅಂತ ಯಾರಿಗೂ ಹೊಳೆಯಲ್ಲ. ಸಾಲದ್ದಕ್ಕೆ, ರ‍್ಯಾಂಕನ್ನು ಗೇಲಿ ಮಾಡುತ್ತಲೇ ರಾಂಚೋನನ್ನು ಅದೇ ಕಾಲೇಜಿಗೆ ಫಸ್ಟ್ ಬರಿಸುತ್ತದೆ.

ನಾನೂ ಹೆಸರು ನೋಡಿಯೇ ಬೆಂಗಳೂರಿನ ಕಾಲೇಜು ಸೇರಿದ್ದು. ಊರಿನ ಕನ್ನಡ ಮೀಡಿಯಂ ಶಾಲೆಯಲ್ಲಿ ಕೈ ಎತ್ತಿ ಪ್ರಶ್ನೆ ಕೇಳುತ್ತಿದ್ದವನು ಅಲ್ಲಿ ಎರಡು ವರ್ಷ ಬಾಯಿ ಬಿಡಲಿಲ್ಲ. ಆ ಹೆಸರಿನಿಂದ ಕೆಲಸ ಸಿಕ್ಕಿತು, ಸುಳ್ಳು ಹೇಳಲ್ಲ. ಅಪ್ಪನ ಸಾಲ ತೀರಿದ್ದೂ ಅದರಿಂದಲೇ. ಆದರೆ ಮೀಟಿಂಗಿನಲ್ಲಿ ‘ನನಗಿದು ಅರ್ಥವಾಗಲಿಲ್ಲ’ ಅನ್ನೋಕೆ ಇನ್ನೂ ನಾಲ್ಕು ವರ್ಷ ಹಿಡಿಯಿತು. ಆ ಲೆಕ್ಕ ಯಾವ ಪ್ಲೇಸ್‌ಮೆಂಟ್ ಪಟ್ಟಿಯಲ್ಲೂ ಬರಲ್ಲ.

ಅಕ್ಕನ ಮಗಳ ಪಟ್ಟಿ ನೋಡಿದೆ. ಹೋದ ವರ್ಷದ ಕಟಾಫ್ ಹೇಗಿತ್ತೋ ಅದೇ ಕ್ರಮ. ಕೆಇಎ ಕಂಪ್ಯೂಟರಿಗೆ ಯಾವ ಕಾಲೇಜು ದೊಡ್ಡದು ಅಂತ ಗೊತ್ತಿಲ್ಲ. ನಾವು ಬರೆದ ಕ್ರಮದಲ್ಲಿ ನಮ್ಮ ರ‍್ಯಾಂಕಿಗೆ ದಕ್ಕುವ ಮೊದಲನೆಯದನ್ನು ಕೊಡುತ್ತದೆ, ಅಷ್ಟೇ. ಯಾವುದು ಮೊದಲು ಅನ್ನೋದು ನಮ್ಮ ಕೈಯಲ್ಲೇ ಇದೆ.

ಶನಿವಾರ ಎರಡು ಕಾಲೇಜಿಗೆ ಹೋದೆವು: ಬೆಂಗಳೂರಿನ ಹೆಸರುವಾಸಿ ಒಂದು, ತುಮಕೂರು ಕಡೆಯ ಚಿಕ್ಕದೊಂದು. ಎರಡೂ ಕಡೆ ಕ್ಯಾಂಟೀನಿನಲ್ಲಿ ಹುಡುಗಿಯರನ್ನು ಕೇಳಿದೆವು: ‘ಪಾಠ ಅರ್ಥವಾಗದಿದ್ರೆ ಯಾರ ಹತ್ರ ಹೋಗ್ತೀರಿ?’ ಮೊದಲನೇ ಕಡೆ ಮುಖ ಮುಖ ನೋಡಿಕೊಂಡರು, ಆಮೇಲೆ ‘ಯೂಟ್ಯೂಬ್’ ಅಂದರು. ಎರಡನೇ ಕಡೆ ಥಟ್ಟನೆ ಒಬ್ಬ ಮೇಡಂ ಹೆಸರು ಬಂತು.

ಮನೆಗೆ ಬಂದು ಅವಳು ಚಿಕ್ಕ ಕಾಲೇಜನ್ನು ಒಂದನೇ ನಂಬರಿಗೆ ಏರಿಸಿದಳು.

‘ಅಮ್ಮ ಬೈತಾಳೆ ಮಾಮ.’

‘ನಾನು ಮಾತಾಡ್ತೀನಿ’ ಅಂದೆ.