ಕರ್ತೃಪದವಿಲ್ಲದ ವಾಕ್ಯ

‘ನಿಮ್ಮ ಅರ್ಜಿಯನ್ನು ತಿರಸ್ಕರಿಸಲಾಗಿದೆ.’ ನಮ್ಮ ಕಚೇರಿಗಳ ಅತಿ ಪರಿಚಿತ ವಾಕ್ಯವಿದು. ಇದರಲ್ಲಿ ಕರ್ಮವಿದೆ, ಕ್ರಿಯಾಪದವಿದೆ, ಕರ್ತೃ ಇಲ್ಲ. ಮನೆಯಲ್ಲಿ, ಸಂತೆಯಲ್ಲಿ ಯಾರೂ ಹೀಗೆ ಮಾತಾಡುವುದಿಲ್ಲ. ‘ಆಗಲ್ಲ ಅಂದ್ರು’ ಎನ್ನುತ್ತೇವೆ, ‘ಯಾರು?’ ಎಂದರೆ ಹೆಸರು ಹೇಳುತ್ತೇವೆ. ನಗರಾಡಳಿತದೊಳಗೆ ಕೃತಕ ಬುದ್ಧಿಮತ್ತೆ ಬರುತ್ತಿರುವಾಗ ನಾವು ಕೇಳಬೇಕಾದ ಪ್ರಶ್ನೆ ಈ ವ್ಯಾಕರಣದಲ್ಲೇ ಇದೆ.

ತೇಜಸ್ವಿಯವರ ‘ತಬರನ ಕಥೆ’ಯನ್ನು ಈ ದೃಷ್ಟಿಯಿಂದ ಮತ್ತೆ ಓದಬಹುದು. ‘ಅಬಚೂರಿನ ಪೋಸ್ಟಾಫೀಸು’ (1973) ಸಂಕಲನದ ಈ ಕಥೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿ ಮಾಡಿದ ಸಿನಿಮಾಕ್ಕೆ 1986ರ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಬಂತು. ಪುರಸಭೆಯ ನಿವೃತ್ತ ನೌಕರ ತಬರ ಪಿಂಚಣಿಗಾಗಿ ಅಲೆಯುತ್ತಾನೆ. ಹೆಂಡತಿಯ ಕಾಲು ಕೊಳೆಯುತ್ತದೆ. ಕಡತ ಮೇಜಿನಿಂದ ಮೇಜಿಗೆ ಹೋಗುತ್ತದೆ. ಇದನ್ನು ‘ಆಡಳಿತ ಯಂತ್ರ’ದ ಅಮಾನವೀಯತೆಯ ಕಥೆ ಎಂದು ಓದುವುದು ರೂಢಿ. ಆದರೆ ತಬರನ ಎದುರಿಗಿದ್ದದ್ದು ಯಂತ್ರವಲ್ಲ, ನಿಯಮದ ಮರೆಯಲ್ಲಿ ನಿಂತ ಮನುಷ್ಯರು. ಅವರು ಬೇರೆ ರೀತಿ ನಡೆದುಕೊಳ್ಳಬಹುದಿತ್ತು. ಅದಕ್ಕೇ ಆ ರೂಪಕ ಬೈಗುಳದಂತೆ ತಾಗುತ್ತದೆ, ಓದಿದವರಿಗೆ ಸಿಟ್ಟು ಬರುತ್ತದೆ.

ಈಗ ಆ ರೂಪಕ ವಾಸ್ತವವಾಗುತ್ತಿದೆ. ಬೆಂಗಳೂರಿನ 50 ಜಂಕ್ಷನ್‌ಗಳಲ್ಲಿ 2022ರ ಡಿಸೆಂಬರ್‌ನಿಂದ ಕ್ಯಾಮೆರಾಗಳೇ ಸಂಚಾರ ನಿಯಮದ ಉಲ್ಲಂಘನೆಯನ್ನು ಗುರುತಿಸುತ್ತಿವೆ. ದಂಡದ ಮಾತು ಅಷ್ಟು ದೊಡ್ಡದಲ್ಲ. ಅನ್ನದ ವಿಷಯಕ್ಕೆ ಬಂದಾಗ ನೆರೆಯ ತೆಲಂಗಾಣವನ್ನು ನೋಡಬೇಕು. ಅಲ್ಲಿ ‘ಸಮಗ್ರ ವೇದಿಕ’ ಎಂಬ ವ್ಯವಸ್ಥೆ ಹಲವು ಇಲಾಖೆಗಳ ದಾಖಲೆ ಹೊಂದಿಸಿ ಯಾರು ಅನರ್ಹರು ಎಂದು ಹೇಳುತ್ತದೆ. ಲಕ್ಷಗಟ್ಟಲೆ ಪಡಿತರ ಚೀಟಿಗಳು ರದ್ದಾಗಿ, 2022ರಲ್ಲಿ ಸುಪ್ರೀಂ ಕೋರ್ಟ್ ಅವುಗಳ ಮರುಪರಿಶೀಲನೆಗೆ ಹೇಳಬೇಕಾಯಿತು.

ಯಂತ್ರ ಲಂಚ ಕೇಳುವುದಿಲ್ಲ, ಕಾಫಿಗೆ ಎದ್ದು ಹೋಗುವುದಿಲ್ಲ ಎನ್ನುವವರಿದ್ದಾರೆ. ತಬರನನ್ನು ಓದಿದವರು ಈ ಮಾತನ್ನು ಹಗುರವಾಗಿ ತಳ್ಳಿಹಾಕಲಾರರು. ಆದರೆ ಯಂತ್ರ ಕಲಿಯುವುದು ಹಳೆಯ ಕಡತಗಳಿಂದಲೇ. ಕಡತದಲ್ಲಿದ್ದ ತಪ್ಪು ಲೆಕ್ಕಾಚಾರವಾಗಿ ಹೊರಬಂದಾಗ ಕೌಂಟರಿನಲ್ಲಿ ಸಿಗುವ ಉತ್ತರ ಒಂದೇ: ‘ಸಿಸ್ಟಮ್ ತಗೊಳ್ತಿಲ್ಲ.’ ಕರ್ತೃಪದ ಕೊನೆಗೂ ಸಿಕ್ಕಿತು. ಆದರೆ ಅದನ್ನು ಪ್ರಶ್ನಿಸುವಂತಿಲ್ಲ.

ನಮ್ಮ ಕಾನೂನು ಇದಕ್ಕೆ ಒಪ್ಪುವುದಿಲ್ಲ. ಆಡಳಿತಾತ್ಮಕ ನಿರ್ಧಾರದ ಕಾರಣವನ್ನು ಬಾಧಿತರಿಗೆ ಕೊಡಬೇಕು ಎನ್ನುತ್ತದೆ 2005ರ ಮಾಹಿತಿ ಹಕ್ಕು ಕಾಯ್ದೆಯ 4(1)(ಡಿ). ಕರ್ನಾಟಕದ ‘ಸಕಾಲ’ (2011) ತಡವಾದ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಎಂದಿತು. ಮೊತ್ತ ಸಣ್ಣದು, ಆದರೆ ಅದನ್ನು ತೆರಬೇಕಾದ ಅಧಿಕಾರಿ ಯಾರೆಂದು ಗೊತ್ತಿರುತ್ತದೆ.

ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಗೆ ಬಂದವರು ಪಾರ್ಶ್ವನಾಥ ಬಸದಿಯ ಹೊಳೆಯುವ ಕಂಬಗಳನ್ನು ನೋಡಿ ಮರಳುತ್ತಾರೆ. 1133ರಲ್ಲಿ ಅದನ್ನು ಕಟ್ಟಿಸಿದವನು ಬೊಪ್ಪ, ತಂದೆ ಗಂಗರಾಜನ ನೆನಪಿಗೆ. ಒಂಬತ್ತು ಶತಮಾನ ಕಳೆಯುತ್ತ ಬಂದರೂ ಇದು ನಮಗೆ ಗೊತ್ತಿರುವುದು ಶಾಸನದಿಂದ. ದಾನಶಾಸನಗಳು ಕೊಟ್ಟವರು, ಪಡೆದವರು, ಭೂಮಿಯ ಎಲ್ಲೆ, ಅಳಿಪಿದವರಿಗೆ ಶಾಪ ಎಲ್ಲವನ್ನೂ ಹೇಳುತ್ತವೆ. ಅವು ಪ್ರಭುಗಳ ಹಿರಿಮೆ ಸಾರುವ ಬರಹಗಳೇ, ನಿಜ. ಆದರೂ ‘ಯಾರು ಮಾಡಿದ್ದು?’ ಎಂಬ ಪ್ರಶ್ನೆಗೆ ಅಲ್ಲಿ ಉತ್ತರವಿದೆ.

ಹಾಗಂತ ಆದೇಶದ ಕೆಳಗೊಂದು ಹೆಸರು ಬರೆದರೆ ಮುಗಿಯಲಿಲ್ಲ. ವಸೂಲಾಗದ ತೆರಿಗೆಯ ಬಾಕಿ ಬಂದು ಬಿದ್ದದ್ದು ತಬರನ ತಲೆಯ ಮೇಲೆಯೇ. ತೆರಿಗೆ ಹಾಕಿದವನು ಅವನಲ್ಲ, ಅದನ್ನು ಬಿಡುವ ಅಧಿಕಾರವೂ ಅವನಿಗಿರಲಿಲ್ಲ. ನಾಳೆ ಯಂತ್ರ ತಪ್ಪಿದಾಗಲೂ ಹೊಣೆ ಡೇಟಾ ಎಂಟ್ರಿಯ ಗುತ್ತಿಗೆ ನೌಕರರ ಮೇಲೆ ಬೀಳುವುದು ಸುಲಭ. ಆದ್ದರಿಂದ ಸಹಿ ಹಾಕುವವರಿಗೆ ಯಂತ್ರದ ಮಾತನ್ನು ಮೀರುವ ಅಧಿಕಾರವೂ ಇರಬೇಕು, ಮೀರದಿದ್ದರೆ ಏಕೆಂದು ಹೇಳುವ ಬಾಧ್ಯತೆಯೂ ಇರಬೇಕು. ‘ತಿರಸ್ಕರಿಸಲಾಗಿದೆ’ ಎಂಬಲ್ಲಿ ‘ಈ ಕಾರಣಕ್ಕೆ ನಾನು ತಿರಸ್ಕರಿಸಿದ್ದೇನೆ’ ಎಂದು ಒಬ್ಬರು ಬರೆಯಲಿ. ಜಗಳವಾಡುವುದಕ್ಕಾದರೂ ನಾಗರಿಕರಿಗೆ ಎದುರಿಗೊಬ್ಬ ಮನುಷ್ಯ ಬೇಕು.